‘ಡಿಸ್‌ಕಂಫರ್ಟ್’ ಎಂದರೆ ಯಾವ ಸಂಕಟ?

ಕಾಲಿಗೆ ಮುಳ್ಳು ಹೊಕ್ಕರೆ ಅದು ನೋವು. ಬಿಸಿ ಬಾಣಲೆಗೆ ಕೈ ತಾಗಿದರೆ ಅದು ಉರಿ. ಇವಕ್ಕೆ ಹೆಸರಿಡಲು ಯಾರೂ ತಡವರಿಸಬೇಕಾಗಿಲ್ಲ. ಆದರೆ ನೋವೆಂದು ಕೂಗುವಷ್ಟು ತೀವ್ರವಲ್ಲದ, ಸುಖವೆಂದು ಸುಮ್ಮನಿರುವಷ್ಟು ಹಗುರವೂ ಅಲ್ಲದ ನಡುವಣ ಸ್ಥಿತಿಯೊಂದುಂಟು. ಹೊಸ ಚಪ್ಪಲಿ ಕಿರುಬೆರಳನ್ನು ಒತ್ತುವುದು, ಮದುವೆಮನೆಯ ಊಟವಾದ ಮೇಲೆ ಹೊಟ್ಟೆ ಬಿಗಿಯುವುದು, ಗುರುತಿಲ್ಲದವರ ನಡುವೆ ಕುಳಿತಾಗ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತೋಚದೆ ಹೋಗುವುದು — ಇವೆಲ್ಲವೂ ಆ ಜಾತಿಗೆ ಸೇರಿದುವು. ಇಂಗ್ಲಿಷ್ ಬಲ್ಲವರು ಇದಕ್ಕೆಲ್ಲ ‘ಡಿಸ್‌ಕಂಫರ್ಟ್’ ಎಂಬ ಒಂದೇ ಮಾತಿನಲ್ಲಿ ಕೆಲಸ ಮುಗಿಸುತ್ತಾರೆ. ಕನ್ನಡಿಗರ ಬಳಿ ಹತ್ತು ಮಾತುಗಳಿದ್ದರೂ ಸಮಯಕ್ಕೆ ಒಂದೂ ನೆನಪಿಗೆ ಬಾರದೆ, ‘ಯಾಕೋ ಒಂಥರಾ ಆಗ್ತಿದೆ’ ಎಂದು ನಿಟ್ಟುಸಿರಿಡುವುದುಂಟು.

ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರ ಮತ್ತು ಮಾರತಹಳ್ಳಿಗಳ ನಡುವೆ ಇರುವ ದೊಡ್ಡನೆಕ್ಕುಂದಿಯಂಥ ಊರಿನಲ್ಲಿ ಈ ಪೇಚು ಇನ್ನಷ್ಟು ಸ್ಪಷ್ಟವಾಗಿ ಕಾಣಿಸುತ್ತದೆ. ಕೆರೆ, ಹೊಲ, ತೋಟಗಳನ್ನು ನಂಬಿದ್ದ ಹಳ್ಳಿ ಅದು. ಸಮೀಪದಲ್ಲಿ ೧೯೪೦ರಲ್ಲಿ ವಿಮಾನ ಕಾರ್ಖಾನೆ ಬಂದಿತು. ಅರ್ಧ ಶತಮಾನ ಕಳೆದ ಮೇಲೆ ಹೊರವರ್ತುಲ ರಸ್ತೆಯೂ ಅದರ ಹಿಂದೆಯೇ ಕಂಪ್ಯೂಟರ್ ಕಂಪೆನಿಗಳೂ ಬಹುಮಹಡಿ ವಸತಿಗಳೂ ಬಂದುವು. ಈಗ ಅಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿಗಳು ಕಿವಿಗೆ ಬೀಳುತ್ತವೆ. ಔಷಧದ ಅಂಗಡಿಯ ಮುಂದೆ ನಿಂತವರಲ್ಲಿ ಒಬ್ಬರು ‘ಹುಷಾರಿಲ್ಲ’ ಎಂದರೆ, ಮತ್ತೊಬ್ಬರು ‘ಒಂಟ್ಲೋ ಬಾಗೋಲೇದು’ ಎನ್ನುತ್ತಾರೆ. ಮೂರನೆಯವರು ‘ಉಡಂಬು ಸರಿಯಿಲ್ಲೈ’ ಎನ್ನುತ್ತಾರೆ. ನಾಲ್ಕನೆಯವರಿಗೆ ‘ತಬಿಯತ್’ ಸರಿಯಿರುವುದಿಲ್ಲ. ಇಷ್ಟು ಭಾಷೆಗಳ ಜನ ಒಂದೆಡೆ ಸೇರಿದಾಗ ಇಂಗ್ಲಿಷಿನ ‘ಡಿಸ್‌ಕಂಫರ್ಟ್’ ಎಲ್ಲರ ಕೈಗೂ ಸಿಗುವ ಸಾರ್ವಜನಿಕ ನಲ್ಲಿಯಂತೆ ಒದಗಿಬರುವುದು ಸಹಜವೇ. ಆದರೆ ಆ ನಲ್ಲಿಯಿಂದ ಬರುವ ನೀರು ಯಾವ ಕೆರೆಯದೆಂದು ತಿಳಿದಿರುವುದು ಒಳ್ಳೆಯದು.

ಬಲದಿಂದ ಮೆತ್ತೆಗೆ

‘ಕಂಫರ್ಟ್’ ಎಂಬ ಮಾತನ್ನು ಕೇಳಿದೊಡನೆ ಇಂದಿನವರ ಕಣ್ಣಿಗೆ ಕಟ್ಟುವುದು ಮೆತ್ತನೆಯ ಸೋಫಾ, ತಣ್ಣನೆಯ ಕೊಠಡಿ. ಅದರ ಹುಟ್ಟು ಮಾತ್ರ ಇಷ್ಟು ಮೆತ್ತಗಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಫೋರ್ಟಿಸ್’ ಎಂದರೆ ಬಲಶಾಲಿ. ಕೋಟೆಗೆ ಇಂಗ್ಲಿಷಿನಲ್ಲಿ ‘ಫೋರ್ಟ್’ ಎಂಬ ಹೆಸರು ಬಂದದ್ದೂ ಇದೇ ಮೂಲದಿಂದ. ‘ಕಾನ್‌ಫೋರ್ಟಾರೆ’ ಎಂದರೆ ಬಲಪಡಿಸುವುದು. ಈ ಪದ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಾಗ ಧೈರ್ಯ ತುಂಬುವುದು, ಬೆಂಬಲ ಕೊಡುವುದು ಎಂಬ ಅರ್ಥಗಳನ್ನೇ ಹೊತ್ತುಕೊಂಡಿತ್ತು. ಇಂಗ್ಲೆಂಡಿನಲ್ಲಿ ೧೩೫೧ರಲ್ಲಿ ರಾಜದ್ರೋಹದ ಬಗ್ಗೆ ಮಾಡಿದ ಕಾನೂನು ಅರಸನ ಶತ್ರುಗಳಿಗೆ ‘ಏಡ್’ ಮತ್ತು ‘ಕಂಫರ್ಟ್’ ನೀಡುವುದನ್ನು ಅಪರಾಧವೆಂದು ಸಾರಿತು. ಅಲ್ಲಿ ನಿಷೇಧಿಸಿದ್ದು ಶತ್ರುವಿಗೆ ತಲೆದಿಂಬು ಕೊಡುವುದನ್ನಲ್ಲ, ಬಲ ಕೊಡುವುದನ್ನು.

ಆದ್ದರಿಂದ ‘ಡಿಸ್‌ಕಂಫರ್ಟ್’ ಎಂಬುದಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಎದೆಗುಂದುವುದು, ದುಃಖ, ಆಸೆಗೆಡುವುದು ಎಂಬಂಥ ಭಾರವಾದ ಅರ್ಥಗಳಿದ್ದುವು. ಶತಮಾನಗಳು ಉರುಳಿದಂತೆ ‘ಕಂಫರ್ಟ್’ ಬಲದಿಂದ ಸಾಂತ್ವನಕ್ಕೆ, ಸಾಂತ್ವನದಿಂದ ದೇಹಸುಖಕ್ಕೆ ಜಾರಿತು. ಅದರ ವಿರೋಧಪದವೂ ಜೊತೆಯಲ್ಲಿಯೇ ಜಾರಿ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಣ್ಣ ತೊಂದರೆ, ಹಿತವಿಲ್ಲದಿರುವಿಕೆ ಎಂಬ ಇಂದಿನ ಅರ್ಥಕ್ಕೆ ಬಂದು ನಿಂತಿತು.

ಇದಕ್ಕೆ ತಿರುಗುಮುರುಗಾದ ಪಯಣ ‘ಡಿಸೀಸ್’ ಎಂಬ ಮಾತಿನದು. ‘ಈಸ್’ ಎಂದರೆ ನೆಮ್ಮದಿ, ಅದಿಲ್ಲದಿರುವುದು ‘ಡಿಸೀಸ್’. ಮೊದಲಿಗೆ ಅದಕ್ಕೆ ಅನನುಕೂಲ, ನೆಮ್ಮದಿಯಿಲ್ಲದಿರುವಿಕೆ ಎಂದಷ್ಟೇ ಅರ್ಥವಿತ್ತು. ಕ್ರಮೇಣ ಅದು ಬೆಳೆದು ರೋಗವಾಯಿತು. ಹೀಗೆ ಒಮ್ಮೆ ದುಃಖವಾಗಿದ್ದ ಮಾತು ಇಂದು ಬಿಗಿಯಾದ ಚಪ್ಪಲಿಯಾಗಿದೆ. ಒಮ್ಮೆ ಬಿಗಿಯಾದ ಚಪ್ಪಲಿಯಂತಿದ್ದ ಮಾತು ಇಂದು ಆಸ್ಪತ್ರೆಯ ಹಾಸಿಗೆಯಾಗಿದೆ. ಎರಡು ಪದಗಳೂ ದಾರಿಯಲ್ಲಿ ಎದುರುಬದುರಾಗಿ ಹಾದುಹೋದಂತೆ ತೋರುತ್ತದೆ.

ಇಲ್ಲಿ ಇನ್ನೊಂದು ಪದದ ಗೊಂದಲವನ್ನೂ ಹೇಳಬೇಕು. ‘ಡಿಸ್‌ಕಂಫಿಟ್’ ಎಂಬುದು ಉಚ್ಚಾರದಲ್ಲಿ ಹತ್ತಿರದ ನೆಂಟನಂತೆ ಕಂಡರೂ ಬೇರೆ ಮನೆತನದ್ದು. ಯುದ್ಧದಲ್ಲಿ ಸೋಲಿಸುವುದು ಎಂಬುದು ಅದರ ಮೂಲಾರ್ಥ. ಧ್ವನಿಯ ಹೋಲಿಕೆಯಿಂದ ಅದು ‘ಡಿಸ್‌ಕಂಫರ್ಟ್’ನ ನೆರಳಿಗೆ ಬಂದು, ಈಗ ಮುಜುಗರಪಡಿಸುವುದು ಎಂಬ ಅರ್ಥದಲ್ಲಿ ಚಲಾವಣೆಯಲ್ಲಿದೆ. ಪರೀಕ್ಷೆಗೆ ಓದುವ ಮಕ್ಕಳು ಒಂದನ್ನು ನೆನಪಿಡಬಹುದು: ‘ಡಿಸ್‌ಕಂಫಿಟ್’ ಸಾಮಾನ್ಯವಾಗಿ ಕ್ರಿಯಾಪದ, ‘ಡಿಸ್‌ಕಂಫರ್ಟ್’ ಸಾಮಾನ್ಯವಾಗಿ ನಾಮಪದ.

ಕನ್ನಡದ ಪೆಟ್ಟಿಗೆಯಲ್ಲಿ

ಈ ಒಂದು ಮಾತಿಗೆ ಕನ್ನಡದಲ್ಲಿ ಸರಿಜೋಡಿಯಿಲ್ಲವೆಂದು ಕೊರಗುವವರಿದ್ದಾರೆ. ಕೊರಗಬೇಕಾದ ಕಾರಣವಿಲ್ಲ. ಇಂಗ್ಲಿಷ್ ಒಂದೇ ಚೀಲದಲ್ಲಿ ತುಂಬಿದ್ದನ್ನು ಕನ್ನಡ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಟ್ಟಿದೆ, ಅಷ್ಟೇ ವ್ಯತ್ಯಾಸ.

ಹೊರಗಿನಿಂದ ಬಂದು ಮತ್ತೆ ಮತ್ತೆ ತಾಗುವುದು ಕಿರಿಕಿರಿ. ಕಣ್ಣಿಗೆ ಬಿದ್ದ ಧೂಳು, ಅಂಗಿಯ ಕೊರಳಪಟ್ಟಿಯ ಒರಟು, ಪಕ್ಕದ ಕಟ್ಟಡದಲ್ಲಿ ಕಲ್ಲು ಕೊರೆಯುವ ಯಂತ್ರದ ಸದ್ದು — ಇವು ಕಿರಿಕಿರಿ. ದೊಡ್ಡನೆಕ್ಕುಂದಿಯ ಹಳಬರು ೨೦೦೮ರ ಮೇ ತಿಂಗಳವರೆಗೆ ನಗರದ ವಿಮಾನನಿಲ್ದಾಣದ ನೆರೆಯವರಾಗಿದ್ದರು. ತಲೆಯ ಮೇಲೆ ಹಾರುವ ವಿಮಾನಗಳ ಸದ್ದು ಅವರಿಗೆ ನಿತ್ಯದ ಕಿರಿಕಿರಿಯಾಗಿತ್ತೆಂದರೆ ಆ ಮಾತು ಅಲ್ಲಿ ತಕ್ಕುದಾಗಿ ಕೂರುತ್ತದೆ. ಇದೇ ಪದವನ್ನು ಬೆಂಗಳೂರಿನ ಹುಡುಗರು ಕತ್ತರಿಸಿ ‘ಕಿರಿಕ್’ ಮಾಡಿಕೊಂಡರು. ೨೦೧೬ರಲ್ಲಿ ತೆರೆಕಂಡ ‘ಕಿರಿಕ್ ಪಾರ್ಟಿ’ ಚಲನಚಿತ್ರದ ಹೆಸರಿನಲ್ಲಿಯೂ ಅದು ಸೇರಿತು. ಆದರೆ ‘ಕಿರಿಕ್’ ಎಂದರೆ ತಂಟೆ, ಜಗಳ. ‘ಕಿರಿಕಿರಿ’ಗೆ ಇರುವ ಸೂಕ್ಷ್ಮ ಅದಕ್ಕಿಲ್ಲ.

ಕಸಿವಿಸಿ ಎಂಬುದು ಒಳಗಿನದು. ಹೇಳಬಾರದ ಮಾತನ್ನು ಹೇಳಿಬಿಟ್ಟ ಮೇಲೆ, ಕೊಡಬೇಕಾದ ಸಾಲ ಕೊಡದೆ ಎದುರಿಗೆ ಸಿಕ್ಕಾಗ ಮನಸ್ಸಿಗೆ ಆಗುವುದು ಕಸಿವಿಸಿ. ಇರುಸುಮುರುಸು ಇಬ್ಬರ ನಡುವಣದು. ಬೀಗರೊಡನೆ ಮಾತುಕತೆಯಲ್ಲಿ ಲೆಕ್ಕಾಚಾರ ಬಂದಾಗ ಎರಡು ಕಡೆಯೂ ಇರುಸುಮುರುಸಾಗುತ್ತದೆ. ಮುಜುಗರಕ್ಕೆ ನೋಡುವವರ ಕಣ್ಣು ಬೇಕು. ಏಕಾಂತದಲ್ಲಿ ಮುಜುಗರವಾಗುವುದು ಅಪರೂಪ. ತಳಮಳ, ಕಳವಳಗಳು ಇವಕ್ಕಿಂತ ಒಂದು ಮೆಟ್ಟಿಲು ಮೇಲಿನವು. ಮಗ ಹೊತ್ತಾದರೂ ಮನೆಗೆ ಬಾರದ ರಾತ್ರಿ ತಾಯಿಗೆ ಆಗುವುದು ಕಸಿವಿಸಿಯಲ್ಲ, ಕಳವಳ.

ಈ ಪದಗಳಲ್ಲಿ ಹಲವು ಜೋಡಿಯಾಗಿ ನಡೆಯುವುದನ್ನು ಗಮನಿಸಬೇಕು. ಕಿರಿಕಿರಿ, ಕಸಿವಿಸಿ, ಇರುಸುಮುರುಸು, ಚಡಪಡಿಕೆ — ಇವುಗಳಲ್ಲಿ ಅರ್ಥವನ್ನು ಸದ್ದೇ ಹೊರುತ್ತದೆ. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅನುಕರಣ ಶಬ್ದಗಳಿಗೆ ಸ್ಥಾನ ಕೊಟ್ಟಿದ್ದಾನೆ. ಇಂಥ ಪದಗಳು ದ್ರಾವಿಡ ಭಾಷೆಗಳಿಗೂ ಉತ್ತರದ ಆರ್ಯಭಾಷೆಗಳಿಗೂ ಸಮಾನವಾದ ಭಾರತೀಯ ಲಕ್ಷಣವೆಂದು ಅಮೆರಿಕದ ಭಾಷಾವಿಜ್ಞಾನಿ ಎಮಿನೋ ೧೯೬೯ರಲ್ಲಿ ಒಂದು ಪ್ರಬಂಧದಲ್ಲಿ ವಿವೇಚಿಸಿದರು. ಮೈಯಲ್ಲಿ ಆಗುವ ಅನುಭವಕ್ಕೆ ತರ್ಕದ ಮಾತಿಗಿಂತ ಸದ್ದಿನ ಮಾತು ಹತ್ತಿರವೆಂಬುದನ್ನು ಈ ನಾಡಿನ ಜನ ಬಹುಕಾಲದಿಂದ ಕಂಡುಕೊಂಡಿದ್ದಾರೆ.

ಎರವಲು ತಂದು ನಮ್ಮದಾಗಿಸಿಕೊಂಡ ಮಾತುಗಳೂ ಕಡಮೆಯಿಲ್ಲ. ಬೆಂಗಳೂರು–ಮೈಸೂರುಗಳ ‘ಹುಷಾರು’ ಎಚ್ಚರವುಳ್ಳವನು ಎಂಬರ್ಥದ ಪಾರಸಿ ಪದದಿಂದ ಬಂದುದು. ಧಾರವಾಡದ ಕಡೆಯ ‘ಆರಾಮಿಲ್ಲ’ ಎಂಬುದರಲ್ಲಿನ ‘ಆರಾಮ’ವೂ, ಎಲ್ಲೆಡೆಯ ‘ಸುಸ್ತು’ ಕೂಡ ಪಾರಸಿಯವೇ. ಕರಾವಳಿಯವರ ‘ಸೌಖ್ಯವಿಲ್ಲ’ ಸಂಸ್ಕೃತದ್ದು. ‘ಅಸ್ವಸ್ಥ’ ಎಂಬ ಪದವನ್ನು ಬಿಡಿಸಿದರೆ ಒಂದು ಸೊಗಸಾದ ಭಾವ ದೊರೆಯುತ್ತದೆ: ‘ಸ್ವ’ ಎಂದರೆ ತಾನು, ‘ಸ್ಥ’ ಎಂದರೆ ನೆಲೆನಿಂತವನು. ತನ್ನಲ್ಲಿ ತಾನು ನೆಲೆಯಾಗಿರುವವನು ಸ್ವಸ್ಥ. ಆ ನೆಲೆ ತಪ್ಪಿದವನು ಅಸ್ವಸ್ಥ. ‘ಸುಖ’ ಎಂಬುದಕ್ಕೆ ಹೇಳುವ ಒಂದು ವಿವರಣೆಯಂತೆ ‘ಖ’ ಎಂದರೆ ಗಾಲಿಯಲ್ಲಿ ಅಚ್ಚು ಕೂರುವ ರಂಧ್ರ. ಅದು ಸರಿಯಾಗಿದ್ದರೆ ಬಂಡಿಯ ಪಯಣ ಸುಖ, ಕೆಟ್ಟಿದ್ದರೆ ದುಃಖ. ‘ಬೇನೆ’ಯೋ ಸಂಸ್ಕೃತದ ‘ವೇದನೆ’ಯ ತದ್ಭವ. ವೇದನೆಗೆ ಮೊದಲು ಅರಿವು, ಅನುಭವ ಎಂದರ್ಥ. ಬೌದ್ಧಶಾಸ್ತ್ರದಲ್ಲಿ ಹಿತವಾದ ವೇದನೆಯೂ ಉಂಟು. ಬಳಕೆಯಲ್ಲಿ ಸವೆದು ಅದು ನೋವಿಗೆ ಮಾತ್ರ ಮೀಸಲಾಯಿತು.

ವೈದ್ಯರ ಮುಂದೆ

ಇಷ್ಟರವರೆಗೆ ಇದು ನಿಘಂಟಿನ ವಿನೋದವೆಂದು ತೋರಬಹುದು. ಆದರೆ ಪದವೊಂದನ್ನು ಸರಿಯಾಗಿ ಹೇಳುವುದು, ಸರಿಯಾಗಿ ಕೇಳಿಸಿಕೊಳ್ಳುವುದು ಪ್ರಾಣದ ಪ್ರಶ್ನೆಯಾಗುವ ಸಂದರ್ಭವೊಂದಿದೆ. ಅದು ಎದೆಯ ಸಂಕಟ.

ವೈದ್ಯರ ಬಾಯಲ್ಲಿ ‘ಡಿಸ್‌ಕಂಫರ್ಟ್’ಗೆ ಎರಡು ಮುಖಗಳಿವೆ. ಸೂಜಿ ಚುಚ್ಚುವ ಮುನ್ನ ‘ಸ್ವಲ್ಪ ಡಿಸ್‌ಕಂಫರ್ಟ್ ಆಗಬಹುದು’ ಎಂದರೆ, ಅದು ನೋವನ್ನು ನಯವಾಗಿ ಹೇಳುವ ಉಪಾಯ. ಆದರೆ ಹೃದಯದ ವಿಷಯಕ್ಕೆ ಬಂದಾಗ ಅದೇ ಮಾತು ನಯವಲ್ಲ, ಖಚಿತವಾದ ಪರಿಭಾಷೆ. ಹೃದಯಾಘಾತ ಅನೇಕರಲ್ಲಿ ಚುಚ್ಚುವ ನೋವಾಗಿ ಬರುವುದಿಲ್ಲ. ಒತ್ತಡ, ಭಾರ, ಬಿಗಿತ, ಹಿಂಡಿದಂತಾಗುವುದು ಎಂಬ ರೂಪದಲ್ಲಿ ಬರುತ್ತದೆ. ಆದುದರಿಂದಲೇ ವೈದ್ಯರು ‘ಎದೆ ನೋವಿದೆಯೆ?’ ಎಂದಷ್ಟೇ ಕೇಳದೆ ‘ಎದೆಯಲ್ಲಿ ಡಿಸ್‌ಕಂಫರ್ಟ್ ಇದೆಯೆ?’ ಎಂದೂ ಕೇಳುತ್ತಾರೆ. ನೋವಿಲ್ಲವೆಂದು ರೋಗಿ ಹೇಳಿದ್ದು ನಿಜವೇ ಆಗಿರಬಹುದು. ರೋಗವಿಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ೧೭೬೮ರಲ್ಲಿ ವೈದ್ಯರ ಸಭೆಯೊಂದರ ಮುಂದೆ ಈ ಸಂಕಟವನ್ನು ವಿವರವಾಗಿ ವರ್ಣಿಸಿದನು. ನಡೆಯುವಾಗ, ಅದರಲ್ಲಿಯೂ ಏರು ಹತ್ತುವಾಗ ಅಥವಾ ಊಟವಾದೊಡನೆ ನಡೆಯುವಾಗ ಬಂದು, ನಿಂತರೆ ಮಾಯವಾಗುವ ಈ ಬಾಧೆಗೆ ಅವನು ‘ಆಂಜೈನಾ’ ಎಂದು ಹೆಸರಿಟ್ಟನು. ಲ್ಯಾಟಿನ್ನಿನ ‘ಆಂಗೆರೆ’ ಎಂದರೆ ಹಿಸುಕುವುದು, ಬಿಗಿಯುವುದು. ಇಂಗ್ಲಿಷಿನ ‘ಆಂಗ್ವಿಶ್’, ‘ಆಂಕ್ಸೈಟಿ’ಗಳೂ ಅದೇ ಬಳ್ಳಿಯ ಕಾಯಿಗಳು. ಕಷ್ಟ, ಪಾಪ ಎಂಬರ್ಥದ ವೈದಿಕ ‘ಅಂಹಸ್’ ಕೂಡ ಆ ಬಳ್ಳಿಗೆ ದೂರದ ಸಂಬಂಧಿ. ಇನ್ನು ‘ಸಂಕಟ’ ಎಂಬುದು ಬೇರೆ ಧಾತುವಿನದಾದರೂ ಸಂಸ್ಕೃತದಲ್ಲಿ ಅದರ ಅರ್ಥ ಇಕ್ಕಟ್ಟು ಎಂದೇ. ಎದೆಯೊಳಗೆ ಜಾಗ ಸಾಲದಂತಾಗುವ ಅನುಭವವನ್ನು ಎಲ್ಲಿಯೋ ಇರುವ ಎರಡು ನಾಡುಗಳ ಜನ ಒಂದೇ ಬಗೆಯಲ್ಲಿ ಕಂಡರೆಂಬುದು ಸಣ್ಣ ಸಂಗತಿಯಲ್ಲ. ಅಜ್ಜಿಯೊಬ್ಬಳು ‘ಎದೆ ಸಂಕಟ’ ಎಂದಾಗ, ಅವಳು ಹೆಬರ್ಡನ್ ಆರಿಸಿದ ಪದಕ್ಕೆ ಸರಿಸಮನಾದ ಪದವನ್ನೇ ಆಡಿರುತ್ತಾಳೆ.

ತೊಂದರೆ ಬರುವುದು ಆ ಮಾತನ್ನು ಮನೆಯವರು ತರ್ಜುಮೆ ಮಾಡುವಾಗ. ನಗರದ ಮನೆಗಳಲ್ಲಿ ಇದಕ್ಕೆ ಸಿದ್ಧವಾದ ಒಂದು ಉತ್ತರವಿದೆ: ‘ಗ್ಯಾಸ್ಟ್ರಿಕ್’. ಹೊಟ್ಟೆಗೆ ಸಂಬಂಧಿಸಿದ ಎಂಬರ್ಥದ ವಿಶೇಷಣವೊಂದು ಕನ್ನಡದಲ್ಲಿ ರೋಗದ ಹೆಸರೇ ಆಗಿಹೋಗಿದೆ. ಸಂಕಟವೆಂದವರಿಗೆ ಓಮದ ಕಷಾಯವೋ ಸೋಡವೋ ಕೊಟ್ಟು, ‘ಮಲಗಿ, ಬೆಳಗ್ಗೆ ಸರಿಹೋಗುತ್ತದೆ’ ಎನ್ನುವುದು ವಾಡಿಕೆ. ಬಹುಪಾಲು ಸಲ ಅದು ಸರಿಹೋಗುವುದೂ ಉಂಟು. ಆ ಬಹುಪಾಲೇ ಉಳಿದ ಪಾಲಿನವರಿಗೆ ಮೋಸ ಮಾಡುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತದ ಲಕ್ಷಣಗಳು ಎಷ್ಟೋ ವೇಳೆ ಮಸುಕಾಗಿರುತ್ತವೆ: ಕಾರಣವಿಲ್ಲದ ಸುಸ್ತು, ಉಸಿರು ಸಾಲದಿರುವುದು, ವಾಕರಿಕೆ, ತಣ್ಣನೆಯ ಬೆವರು, ದವಡೆ ಅಥವಾ ಬೆನ್ನಿನಲ್ಲಿ ಹಿಡಿತ. ಇವನ್ನೇ ಅವರು ಒಟ್ಟಾಗಿ ‘ಒಂಥರಾ’ ಎನ್ನುವುದು. ಮನೆಗೆಲಸ ಕೆಡಬಾರದೆಂದು, ಮಕ್ಕಳಿಗೆ ತೊಂದರೆಯಾಗಬಾರದೆಂದು ಸಂಕಟವನ್ನು ‘ಸ್ವಲ್ಪ ಸುಸ್ತು’ ಎಂದು ಇಳಿಸಿ ಹೇಳುವ ಅಭ್ಯಾಸ ನಮ್ಮ ಗೃಹಿಣಿಯರಲ್ಲಿ ಹಳೆಯದು. ಆ ಮಾತಿನ ತೂಕವನ್ನು ಕೇಳುವವರೇ ಏರಿಸಿಕೊಳ್ಳಬೇಕು.

೨೦೨೧ರ ಅಕ್ಟೋಬರ್ ೨೯ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ೪೬ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ಕನ್ನಡ ನಾಡಿನ ಮನೆಮನೆಯೂ ಎದೆಯ ವಿಷಯದಲ್ಲಿ ಎಚ್ಚೆತ್ತಿತು. ೨೦೨೩ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುವುದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಬೆಲೆಯಿಲ್ಲದೆ ಕೊಡುವುದು ಇದರ ಕ್ರಮ. ಎದೆಯ ಸಂಕಟದಿಂದ ಬಂದವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕೆಂಬುದು ವೈದ್ಯಶಾಸ್ತ್ರ ಒಪ್ಪಿದ ನಿಯಮ. ೧೦೮ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ಕಳುಹಿಸುವ ಏರ್ಪಾಡು ಕರ್ನಾಟಕದಲ್ಲಿ ೨೦೦೮ರಿಂದ ಇದೆ. ಆದರೆ ಈ ಎಲ್ಲ ಯಂತ್ರವೂ ಚಲಿಸಬೇಕಾದರೆ ಮೊದಲು ಮನೆಯಲ್ಲಿ ಯಾರಾದರೂ ‘ಇದು ಗ್ಯಾಸ್ಟ್ರಿಕ್ ಅಲ್ಲದಿರಬಹುದು’ ಎಂದು ಬಾಯಿಬಿಡಬೇಕು.

ನೋವಿನ ಮಾತುಗಳನ್ನು ಹಗುರವಾಗಿ ಕಾಣಬಾರದೆಂದು ವೈದ್ಯಲೋಕವೂ ಕಲಿತುಕೊಂಡಿದೆ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ೧೯೭೫ರಲ್ಲಿ ನೋವನ್ನು ಬಣ್ಣಿಸುವ ೭೮ ಇಂಗ್ಲಿಷ್ ಪದಗಳನ್ನು ೨೦ ಗುಂಪುಗಳಾಗಿ ವಿಂಗಡಿಸಿದ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದನು. ಮಿಡಿಯುವ, ಕೊರೆಯುವ, ಸುಡುವ, ಎಳೆಯುವ ನೋವುಗಳಲ್ಲಿ ರೋಗಿ ಯಾವುದನ್ನು ಆರಿಸುತ್ತಾನೆಂಬುದು ವೈದ್ಯನಿಗೆ ಸುಳಿವಾಗುತ್ತದೆ. ಚುರುಚುರು, ಭಗಭಗ, ಜುಮುಜುಮು, ಢವಢವ ಎಂದು ಮೈಯ ಸದ್ದನ್ನೇ ಮಾತಾಗಿಸಬಲ್ಲ ಕನ್ನಡಿಗನು ಈ ವಿಷಯದಲ್ಲಿ ಬಡವನೇನಲ್ಲ. ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ಅವನು ಈ ಸಂಪತ್ತನ್ನೆಲ್ಲ ಬದಿಗಿಟ್ಟು, ಅರೆಬರೆ ತಿಳಿದ ಪರಭಾಷೆಯ ಒಂದೆರಡು ಪದಗಳನ್ನು ವೈದ್ಯರ ಮೇಜಿನ ಮೇಲಿಟ್ಟರೆ ನಷ್ಟ ಇಬ್ಬರಿಗೂ ಹೌದು.

ನಯವಾದ ನಿರಾಕರಣೆ

ಇಂದಿನ ಯುವಜನರ ಬಾಯಲ್ಲಿ ಈ ಮಾತಿಗೆ ಇನ್ನೊಂದು ಉಪಯೋಗ ಬಂದಿದೆ. ‘ನನಗೆ ಅನ್‌ಕಂಫರ್ಟಬಲ್ ಆಗುತ್ತಿದೆ’ ಎಂದು ಮಗಳು ಹೇಳಿದರೆ ಅವಳ ಕುರ್ಚಿ ಗಟ್ಟಿಯಾಗಿದೆಯೆಂದಲ್ಲ. ಯಾರದೋ ನೋಟ, ಯಾರದೋ ಮಾತು, ಯಾರದೋ ಸಲಿಗೆ ಅವಳಿಗೆ ಬೇಡವಾಗಿದೆಯೆಂದು ಅರ್ಥ. ಜಗಳಕ್ಕೆ ಹೋಗದೆ ‘ಬೇಡ’ ಎನ್ನುವ ಸಭ್ಯ ಬಗೆ ಇದು. ಹಿರಿಯರು ಕೆಲವರು ಇದನ್ನು ಕೇಳಿ, ‘ಅಷ್ಟಕ್ಕೇ ಏನಮ್ಮ?’ ಎಂದುಬಿಡುತ್ತಾರೆ. ಪದ ಸಣ್ಣದಾದುದರಿಂದ ವಿಷಯವೂ ಸಣ್ಣದೆಂದು ಅವರು ಭ್ರಮಿಸುತ್ತಾರೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ರಕ್ಷಣೆಯ ಬಗ್ಗೆ ಸುಪ್ರೀಂ ಕೋರ್ಟು ೧೯೯೭ರಲ್ಲಿ ವಿಶಾಖಾ ಪ್ರಕರಣದಲ್ಲಿ ಸೂತ್ರಗಳನ್ನು ಹಾಕಿಕೊಟ್ಟಿತು. ೨೦೧೩ರಲ್ಲಿ ಅದಕ್ಕೆ ಪ್ರತ್ಯೇಕ ಶಾಸನವೇ ಬಂದಿತು. ಆ ಶಾಸನ ಹಿಡಿದಿರುವ ಅಳತೆಗೋಲು, ನಡತೆ ಅವಳಿಗೆ ‘ಬೇಡವಾದುದೆ’ ಎಂಬುದು. ಮಕ್ಕಳ ರಕ್ಷಣೆಗೆ ೨೦೧೨ರಲ್ಲಿಯೇ ಕಾನೂನಾಗಿದೆ. ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಇಂಗ್ಲಿಷ್ ಬಲ್ಲ ಹೆಣ್ಣುಮಗಳಿಗೆ ಈ ಕಾನೂನಿನ ಮಾತೂ ತನ್ನ ಅನುಭವದ ಮಾತೂ ಒಂದೇ ಭಾಷೆಯಲ್ಲಿ ಸಿಗುತ್ತವೆ. ಅದೇ ಕಟ್ಟಡದ ನೆಲ ಒರೆಸುವ ಹೆಣ್ಣುಮಗಳಿಗೆ, ಆರನೆಯ ತರಗತಿಯ ಹುಡುಗನಿಗೆ ಸಿಗುವುದು ‘ಮುಜುಗರ’, ‘ಒಂಥರಾ’ ಎಂಬ ಮಾತುಗಳು ಮಾತ್ರ. ಮುಜುಗರವೆಂಬ ಪದದಲ್ಲಿ ಒಂದು ಅನ್ಯಾಯ ಅಡಗಿದೆ: ಅದು ಪಟ್ಟವರ ಮೇಲೆ ಬೆಳಕು ಬೀಳಿಸಿ, ಪಡಿಸಿದವರನ್ನು ಕತ್ತಲಲ್ಲಿ ಬಿಡುತ್ತದೆ. ಆದುದರಿಂದ ಮಕ್ಕಳಿಗೆ ಕನ್ನಡದಲ್ಲಿಯೇ ‘ನನಗೆ ಇದು ಇಷ್ಟವಿಲ್ಲ’, ‘ನನಗೆ ಸರಿಬರುವುದಿಲ್ಲ’, ‘ಬೇಡ’ ಎಂಬ ನೇರವಾದ ಮಾತುಗಳನ್ನು ಕಲಿಸುವುದು ಮೇಲು. ಕಲಿಸಿದ ಮೇಲೆ, ಅವರು ಹಾಗೆಂದಾಗ ಹಿರಿಯರು ಸಂಕೋಚಪಡದೆ ಕೇಳಿಸಿಕೊಳ್ಳುವುದು ಇನ್ನೂ ಮೇಲು.

ಹಾಗಾದರೆ ‘ಡಿಸ್‌ಕಂಫರ್ಟ್’ ಎಂಬುದನ್ನು ಕನ್ನಡದಿಂದ ಓಡಿಸಬೇಕೆ? ಬೇಕಾಗಿಲ್ಲ. ‘ಹುಷಾರು’, ‘ಆರಾಮ’, ‘ಸುಸ್ತು’ಗಳಿಗೆ ಮನೆಯಲ್ಲಿ ಮಣೆ ಹಾಕಿದ ಭಾಷೆ ಇನ್ನೊಂದು ಪದಕ್ಕೆ ಬಾಗಿಲು ಹಾಕಬೇಕಾದ ಕಾರಣವಿಲ್ಲ. ರೆವರೆಂಡ್ ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದಂದಿನಿಂದ, ೧೦೭ ವರ್ಷ ಬಾಳಿ ೨೦೨೧ರಲ್ಲಿ ಕಣ್ಮರೆಯಾದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣದವರೆಗೆ ನಿಘಂಟುಕಾರರು ತೋರಿಸಿಕೊಟ್ಟಿರುವ ದಾರಿಯೂ ಇದೇ: ಬಂದ ಪದವನ್ನು ಬರಮಾಡಿಕೊಳ್ಳಬೇಕು, ಇದ್ದ ಪದವನ್ನು ಮರೆಯಬಾರದು. ಧೂಳಿಗೆ ಕಿರಿಕಿರಿ ಎನ್ನಲಿ, ಬೀಗರ ಮಾತಿಗೆ ಇರುಸುಮುರುಸೆನ್ನಲಿ, ಮನಸ್ಸಿಗೆ ಕಸಿವಿಸಿ ಎನ್ನಲಿ; ಬಿಗಿ ಚಪ್ಪಲಿಗೆ ಬೇಕಾದರೆ ‘ಡಿಸ್‌ಕಂಫರ್ಟ್’ ಎಂದೇ ಅನ್ನಲಿ. ಆದರೆ ಮನೆಯಲ್ಲಿ ಯಾರಾದರೂ ಎದೆಯ ಮೇಲೆ ಕೈಯಿಟ್ಟು ‘ಒಂಥರಾ ಆಗ್ತಿದೆ’ ಎಂದರೆ, ಆಗ ಪದದ ಅರ್ಥವನ್ನು ಹುಡುಕುತ್ತ ಕೂಡಬಾರದು. ಗಾಡಿ ಕರೆಸಬೇಕು.